ಫುಟ್‌ಬಾಲ್ ಮುಗೀತು, ಈಗ ಕುಸ್ತಿಯಂತೆ!

ಕಳೆದ ಸಂಚಿಕೆಯಲ್ಲಿ ಟೆಕ್ಸಸ್‌ನ ಕನ್ನಡತಿಯೊಬ್ಬರು ಬರೆದಿದ್ದರು. ಮಗನಿಗೆ 23 ವರ್ಷ. ಕಾಲೇಜಿನಲ್ಲಿ ನಾಲ್ಕು ವರ್ಷ ಅಮೆರಿಕನ್ ಫುಟ್‌ಬಾಲ್ ಆಡಿದ. ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಯಾವ ತಂಡವೂ ಕರೆಯಲಿಲ್ಲ. ಈಗ ಟೀವಿ ಕುಸ್ತಿಯ ಕಂಪನಿ ಡಬ್ಲ್ಯುಡಬ್ಲ್ಯುಇಯ ಟ್ರೈಔಟ್‌ಗೆ, ಅಂದರೆ ಆಯ್ಕೆ ಪರೀಕ್ಷೆಗೆ, ಹೋಗುತ್ತೇನೆ ಅನ್ನುತ್ತಿದ್ದಾನೆ. 'ಅದು ನಾಟಕದ ಕುಸ್ತಿ, ನೆಂಟರಿಗೆ ಏನಂತ ಹೇಳೋದು' ಎಂದು ಅವನ ಅಪ್ಪ ಮಾತು ಬಿಟ್ಟಿದ್ದಾರೆ. ಇಬ್ಬರ ನಡುವೆ ನಾನೇನು ಮಾಡಲಿ ಎಂಬುದು ಅವರ ಪ್ರಶ್ನೆ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ಅಟ್ಲಾಂಟಾದಿಂದ ಒಬ್ಬ ಓದುಗ

ಅಕ್ಕಾ, ನಾನು ಬೆಂಗಳೂರಿನಲ್ಲಿ ಡಬ್ಲ್ಯುಡಬ್ಲ್ಯುಎಫ್ (ಡಬ್ಲ್ಯುಡಬ್ಲ್ಯುಇಯ ಹಳೆಯ ಹೆಸರು) ಕಾರ್ಡುಗಳಿಗಾಗಿ ಹೊಡೆದಾಡಿಕೊಂಡು ಬೆಳೆದವನು. ಈಗಿರುವ ಊರಿನ ಕಥೆಯನ್ನೇ ಹೇಳ್ತೀನಿ. ಕುಸ್ತಿಪಟು ಬಿಲ್ ಗೋಲ್ಡ್‌ಬರ್ಗ್ ಮೊದಲು ಇಲ್ಲಿನ ಎನ್‌ಎಫ್‌ಎಲ್ ತಂಡ ಫಾಲ್ಕನ್ಸ್‌ನಲ್ಲಿ ಆಡುತ್ತಿದ್ದರು. ಕೆಳಹೊಟ್ಟೆಯ ಸ್ನಾಯು ಹರಿದು ಆಟ ನಿಂತಿತು. ಆಟಗಾರನಾಗಿ ಅವರನ್ನು ನೆನಪಿಟ್ಟುಕೊಂಡವರು ಕಡಿಮೆ. ಆದರೆ 1998ರ ಜುಲೈ 6ರಂದು, ಅದೇ ಫಾಲ್ಕನ್ಸ್ ಆಡುತ್ತಿದ್ದ ಜಾರ್ಜಿಯಾ ಡೋಮ್‌ನಲ್ಲಿ ಕುಸ್ತಿಯ ದೊಡ್ಡ ತಾರೆ ಹಲ್ಕ್ ಹೋಗನ್‌ರನ್ನು ಕೆಡವಿ, ಆಗಿನ ಇನ್ನೊಂದು ಕುಸ್ತಿ ಕಂಪನಿ ಡಬ್ಲ್ಯುಸಿಡಬ್ಲ್ಯುನ ಚಾಂಪಿಯನ್ ಬೆಲ್ಟ್ ಎತ್ತಿದರು. ಜನ ಹುಚ್ಚೆದ್ದು ಹೋದರು.

'ದಿ ರಾಕ್' ಡ್ವೇನ್ ಜಾನ್ಸನ್ ಕೂಡ ಹೀಗೇ. ಮಯಾಮಿ ವಿಶ್ವವಿದ್ಯಾಲಯದ 1991ರ ಚಾಂಪಿಯನ್ ಫುಟ್‌ಬಾಲ್ ತಂಡದಲ್ಲಿದ್ದವರು. 1995ರಲ್ಲಿ ಕೆನಡಾದ ಕ್ಯಾಲ್ಗರಿ ತಂಡ ಕೈಬಿಟ್ಟಾಗ ಜೇಬಿನಲ್ಲಿ ಉಳಿದಿದ್ದು ಏಳು ಡಾಲರ್ ಅಂತ ಅವರೇ ಹೇಳಿಕೊಂಡಿದ್ದಾರೆ. ಮುಂದೆ ಕಂಪನಿ ಕಟ್ಟಿದಾಗ ಅದಕ್ಕೆ ಇಟ್ಟ ಹೆಸರೂ ಸೆವೆನ್ ಬಕ್ಸ್, ಅಂದರೆ ಏಳು ಡಾಲರ್. ಮಗ ಈ ದಾರಿ ಹಿಡಿಯೋದು ಅವರ ಅಪ್ಪನಿಗೂ ಮೊದಲು ಇಷ್ಟವಿರಲಿಲ್ಲ. ಆಮೇಲೆ ಪಟ್ಟು ಕಲಿಸಿದ್ದೂ ಅದೇ ಅಪ್ಪ. ನಿಮ್ಮ ಯಜಮಾನರಿಗೆ ಇಷ್ಟನ್ನು ಓದಿ ಹೇಳಿ.

ನ್ಯೂಜೆರ್ಸಿಯಿಂದ, ಆಸ್ಪತ್ರೆ ಬಿಲ್‌ಗಳ ಕೆಲಸ ಮಾಡುವವಳು

ಎಲ್ಲರೂ ನಿಮಗೆ ರಾಕ್ ಕಥೆ ಹೇಳ್ತಾರೆ ನೋಡ್ತಾ ಇರಿ. ಅವರ ಅಪ್ಪನೂ ಕುಸ್ತಿಪಟು, ತಾತನೂ ಕುಸ್ತಿಪಟು. ಜಾರ್ಜಿಯಾ ಟೆಕ್‌ನಲ್ಲಿ ಫುಟ್‌ಬಾಲ್ ಆಡಿ ಬಂದ ರೋಮನ್ ರೇನ್ಸ್ ಮನೆಯಲ್ಲೂ ಹಾಗೇ. ನಮ್ಮ ಮನೆಗಳಲ್ಲಿ ಆ ಆಸರೆ ಎಲ್ಲಿದೆ?

ನೆಂಟರ ಮಾತು ಬಿಡಿ, ಕಾಗದ ನೋಡಿ. ಎನ್‌ಎಫ್‌ಎಲ್ ಆಟಗಾರರಿಗೆ ಸಂಘ ಇದೆ, ಪಿಂಚಣಿ ಇದೆ. ಡಬ್ಲ್ಯುಡಬ್ಲ್ಯುಇ ತನ್ನ ಕುಸ್ತಿಪಟುಗಳನ್ನು ನೌಕರರೆಂದು ಲೆಕ್ಕಕ್ಕೆ ಹಿಡಿಯೋದಿಲ್ಲ, ಸ್ವತಂತ್ರ ಗುತ್ತಿಗೆದಾರರು ಅನ್ನುತ್ತದೆ. ಸಂಘ ಇಲ್ಲ. ರಿಂಗ್‌ನಲ್ಲಿ ಬಿದ್ದ ಪೆಟ್ಟಿನ ಚಿಕಿತ್ಸೆ ಕಂಪನಿ ನೋಡಿಕೊಳ್ಳುತ್ತದೆ. ಆದರೆ ಮಾಮೂಲಿ ಆರೋಗ್ಯ ವಿಮೆ ಅವರವರ ತಲೆನೋವು. ಇಲ್ಲಿಯ ಕಾನೂನಿನ ಪ್ರಕಾರ 26 ತುಂಬುವವರೆಗೆ ಮಗ ಅಪ್ಪ ಅಮ್ಮನ ವಿಮೆಯಲ್ಲೇ ಇರಬಹುದು. ಅಂದರೆ ನಿಮ್ಮ ಕೈಯಲ್ಲಿ ಇನ್ನೂ ಮೂರು ವರ್ಷ ಇದೆ. ಅಪ್ಪ ಸಿಟ್ಟಿನಲ್ಲಿ ಅವನ ಹೆಸರು ತೆಗೆಸದಂತೆ ನೋಡಿಕೊಳ್ಳಿ, ಅಷ್ಟು ಮುಖ್ಯ.

ಇನ್ನೊಂದು ಮಾತು. ನಾಲ್ಕು ವರ್ಷ ಹೆಲ್ಮೆಟ್ಟಿಗೆ ಹೆಲ್ಮೆಟ್ ಡಿಕ್ಕಿ ಹೊಡೆದ ತಲೆ ಅದು. ಎಷ್ಟು ಸಲ ಕನ್‌ಕಷನ್ (ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳಿಗೆ ಆಗುವ ಆಘಾತ) ಆಗಿದೆ ಅಂತ ಅವನನ್ನೇ ಕೂರಿಸಿಕೊಂಡು ಕೇಳಿ. ತಾಯಿಗೆ ಕಡಿಮೆ ಹೇಳಿರ್ತಾನೆ. ಟ್ರೈಔಟ್‌ಗೆ ಮೊದಲು ನರರೋಗ ತಜ್ಞರ ಹತ್ತಿರ ಹೋಗಿ ಬನ್ನಿ. ಗೋಲ್ಡ್‌ಬರ್ಗ್‌ರ ಕಥೆ ಹೇಳುವವರು ಇದನ್ನೂ ಹೇಳಬೇಕು: 1999ರ ಡಿಸೆಂಬರ್‌ನಲ್ಲಿ ಅವರ ಒಂದು ಒದೆ ತಪ್ಪಿ ತಲೆಗೆ ಬಿದ್ದು, ಎದುರಾಳಿ ಬ್ರೆಟ್ ಹಾರ್ಟ್ ಅವರ ಕುಸ್ತಿ ಜೀವನವೇ ಮುಗಿಯಿತು. ನಾಟಕವಂತೆ, ನಾಟಕ!

ದಾವಣಗೆರೆಯಿಂದ ಹಿರಿಯ ಓದುಗರು

ತಂಗಿ, ನಾನು ಗರಡಿಯಲ್ಲಿ ಸಾಮು ಮಾಡಿ ಮೈ ಬೆಳೆಸಿದವನು. ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡಿದ ಮಟ್ಟಿಯ ಮಣ್ಣಿನಲ್ಲಿ ಬಿದ್ದರೂ ಬೆನ್ನು ಉರಿಯುತ್ತಿತ್ತು. ಟೀವಿಯ ಕುಸ್ತಿ ನೋಡಿ ನಾನೂ ನಗುತ್ತಿದ್ದೆ. ಮೊಮ್ಮಗ ಒಮ್ಮೆ ಅವರ ತರಬೇತಿಯ ವಿಡಿಯೊ ತೋರಿಸಿದ. ಗದ್ದ ಎದೆಗೆ ಒತ್ತಿ, ಎರಡೂ ಕೈ ಚಾಚಿ ನೆಲಕ್ಕೆ ಬಡಿದು ಹಿಂದಕ್ಕೆ ಬೀಳೋದು. ಅದಕ್ಕೆ ಬಂಪ್ ಅಂತಾರಂತೆ. ರಿಂಗಿನ ಹಗ್ಗಕ್ಕೆ ಮೈ ಕೊಟ್ಟು ಓಡಿ ಆ ಹುಡುಗರ ಪಕ್ಕೆಯೆಲ್ಲ ಕಪ್ಪಾಗಿತ್ತು. ಯಾರು ಗೆಲ್ಲಬೇಕು ಅನ್ನೋದು ಮೊದಲೇ ಮಾತಾಗಿರುತ್ತೆ, ನಿಜ. ಬೀಳೋದು ಮಾತ್ರ ನಿಜವಾಗಿ ಬೀಳಬೇಕು. ಬಯಲಾಟದಲ್ಲಿ ಭೀಮನೇ ಗೆಲ್ಲೋದು ಅಂತ ಗೊತ್ತಿದ್ದೂ ನಾವು ಬೆಳಗಿನವರೆಗೆ ಕೂರ್ತಿದ್ವಿ, ಅಲ್ವಾ? ಭೀಮನ ಪಾತ್ರದವನನ್ನು ಊರಿನಲ್ಲಿ ಯಾರೂ ಕಳಪೆ ಅನ್ನಲಿಲ್ಲ. ನಿಮ್ಮ ಯಜಮಾನರ ನಂಬರ್ ಕೊಡಿಸಿ, ನಾನೇ ಮಾತಾಡ್ತೀನಿ.

ಹೆಸರು ಬೇಡ ಎಂದವರು, ಕ್ಯಾಲಿಫೋರ್ನಿಯಾ

ನನ್ನ ಅಣ್ಣನ ಮಗ ಒಂದು ಸಣ್ಣ ಖಾಸಗಿ ಕುಸ್ತಿ ಶಾಲೆಗೆ ವರ್ಷದ ಫೀಸು ಮುಂಗಡ ಕಟ್ಟಿದ. ನಾಲ್ಕನೇ ತಿಂಗಳಿಗೆ ಶಾಲೆಗೆ ಬೀಗ. ದುಡ್ಡೂ ಹೋಯಿತು, ಮೊಣಕಾಲೂ ಹೋಯಿತು. ತಿಂಗಳು ತಿಂಗಳು ಕಟ್ಟುವ ಕಡೆ ಮಾತ್ರ ಸೇರಿಸಿ.

ಮಿನಿಯಾಪೊಲಿಸ್‌ನಿಂದ, ಚರಿತ್ರೆ ಓದುವ ಹುಚ್ಚಿನವನು

ಇದು ಹೊಸ ದಾರಿಯೇನಲ್ಲ. ನಮ್ಮ ರಾಜ್ಯದ ಬ್ರಾಂಕೊ ನಗುರ್ಸ್ಕಿ 1930ರ ದಶಕದಲ್ಲಿ ಶಿಕಾಗೋ ಬೇರ್ಸ್‌ಗೆ ಆಡುತ್ತಲೇ ಕುಸ್ತಿಗಿಳಿದವರು. ಫುಟ್‌ಬಾಲ್ ಸಂಬಳ ಅಷ್ಟಕ್ಕಷ್ಟೇ ಇತ್ತು. ಸಂಬಳದ ಜಗಳದಲ್ಲಿ ತಂಡ ಬಿಟ್ಟು ಕುಸ್ತಿಯನ್ನೇ ಹಿಡಿದರು. ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ 1963ರಲ್ಲಿ ಸೇರಿದ ಮೊದಲ ಗುಂಪಿನಲ್ಲೇ ಅವರಿದ್ದಾರೆ. ಇಷ್ಟೆಲ್ಲ ಆದಮೇಲೆ ಇಂಟರ್‌ನ್ಯಾಷನಲ್ ಫಾಲ್ಸ್ ಅನ್ನೋ ಊರಲ್ಲಿ ಪೆಟ್ರೋಲ್ ಬಂಕ್ ನಡೆಸಿದರು. ಎರಡನೇ ಕಸುಬಾದ ಮೇಲೆ ಮೂರನೇದೂ ಬೇಕಾಗುತ್ತೆ ಮೇಡಂ. ಹುಡುಗ ಡಿಗ್ರಿ ಮುಗಿಸಿದ್ದಾನಾ? ಪತ್ರದಲ್ಲಿ ಅದನ್ನು ಬರೆದಿಲ್ಲ ನೀವು.

ಮೈಸೂರಿನಿಂದ ಒಬ್ಬ ಅಜ್ಜಿ

ಅಪ್ಪ ಮಗ ಮಾತು ಬಿಟ್ಟು ಎಷ್ಟು ದಿನ ಆಯ್ತಮ್ಮ? ಇಬ್ಬರಿಗೂ ಒಂದೇ ಹೊತ್ತಿಗೆ ಊಟ ಬಡಿಸು. ಹುಡುಗನಿಗೆ ಮುದ್ದೆ ಜಾಸ್ತಿ ಹಾಕು.