ಫ್ಲೇವಿನ್ ಅವರ ಟ್ಯೂಬ್‌ಲೈಟ್: ‘ಶಿಲ್ಪ’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಕಲಾ ವಿದ್ಯಾರ್ಥಿಗಳಿಗಾಗಿ ಅಮೆರಿಕದ ಕಲಾವಿದ ಡ್ಯಾನ್ ಫ್ಲೇವಿನ್ ಬಗ್ಗೆ ಬರೆಯುತ್ತಿದ್ದೇನೆ. ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

1963ರಲ್ಲಿ ಅವರು ಎಂಟು ಅಡಿಯ ಹಳದಿ ಟ್ಯೂಬ್‌ಲೈಟನ್ನು ಪಟ್ಟಿ ಸಮೇತ ಗೋಡೆಗೆ ಓರೆಯಾಗಿ ಕೂರಿಸಿದರು. ಕೆತ್ತಿದ್ದಿಲ್ಲ, ಎರಕ ಹೊಯ್ದದ್ದಿಲ್ಲ. ಅಂಗಡಿಯಲ್ಲಿ ಸಿಗುವ ಅಳತೆ, ಅಂಗಡಿಯಲ್ಲಿ ಸಿಗುವ ಬಣ್ಣ. ಇದಕ್ಕೆ ‘ಪ್ರತಿದೀಪ್ತ (ಫ್ಲೋರೊಸೆಂಟ್) ಶಿಲ್ಪ’ ಎಂದು ಬರೆದೆ. ಓದಿದರೆ ಕಣ್ಣಿಗೆ ಏನೂ ಕಟ್ಟಲಿಲ್ಲ. ‘ಪ್ರತಿದೀಪ್ತಿ’ ವಿಜ್ಞಾನದ ಪಾಠಕ್ಕೆ ಸರಿ. ಆದರೆ ಚೋಕ್ ಗುಂಯ್ ಅನ್ನುತ್ತಾ, ಎರಡು ಸಲ ಮಿನುಗಿ ಹತ್ತಿಕೊಳ್ಳುವ ಆ ಕೊಳವೆ ನಮಗೆಲ್ಲ ಟ್ಯೂಬ್‌ಲೈಟೇ. ಅದನ್ನೇ ಇಟ್ಟುಕೊಳ್ಳುತ್ತೇನೆ.

‘ಶಿಲ್ಪ’ ಜಾಸ್ತಿ ಕಷ್ಟ. ಸಂಸ್ಕೃತದಲ್ಲಿ ಅದಕ್ಕೆ ಕುಶಲ ಕಸುಬು ಎಂಬ ಅರ್ಥ, ಕಲ್ಲೇ ಆಗಬೇಕೆಂದಿಲ್ಲ. ಆದರೂ ಆ ಪದ ಕೇಳಿದರೆ ನಮಗೆ ಬೇಲೂರೇ ನೆನಪಾಗುತ್ತದೆ, ಅಲ್ವಾ? ಫ್ಲೇವಿನ್‌ಗೂ ಆ ಹೆಸರು ಹಿಡಿಸುತ್ತಿರಲಿಲ್ಲ.

ಇದು ಸುಮ್ನೆ ಪದದ ಜಗಳ ಅಲ್ಲ. ಲಂಡನ್ನಿನ ಒಂದು ಗ್ಯಾಲರಿ ಇಂಥ ಕೃತಿಯನ್ನು ಬಿಡಿಭಾಗವಾಗಿ ತರಿಸಿಕೊಂಡಾಗ ಸುಂಕದವರು ‘ಇದು ದೀಪದ ಸಾಮಾನು’ ಅಂದರು. ಶಿಲ್ಪವಾದರೆ ತೆರಿಗೆ ಕಡಿಮೆ. 2008ರಲ್ಲಿ ಅಲ್ಲಿನ ನ್ಯಾಯಮಂಡಳಿ ಶಿಲ್ಪ ಎಂದಿತು. 2010ರಲ್ಲಿ, ಆಗ ಬ್ರಿಟನ್ ಕೂಡ ಇದ್ದ ಐರೋಪ್ಯ ಒಕ್ಕೂಟದ ಆಯೋಗ ಮತ್ತೆ ದೀಪಕ್ಕೆ ಇಳಿಸಿತು: ಕಲೆ ಇರುವುದು ಬೆಳಕಿನ ಪರಿಣಾಮದಲ್ಲಿ, ಸಾಮಾನಿನಲ್ಲಲ್ಲ ಎಂಬುದು ಅದರ ವಾದ. ಆಯೋಗದ ಈ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಆದರೆ ಹೆಸರಿನಲ್ಲಿ ‘ಬೆಳಕು’ ಇರಲೇಬೇಕು ಎಂಬುದು ಅದನ್ನು ಓದಿದ ಮೇಲೆ ಗಟ್ಟಿಯಾಯಿತು. 1963ರದೇ ಇನ್ನೊಂದು ಕೃತಿಯಲ್ಲಿ ಒಂದೇ ಗುಲಾಬಿ ಟ್ಯೂಬ್ ಗೋಡೆಗಳ ಮೂಲೆಯಲ್ಲಿ ನೆಟ್ಟಗೆ ನಿಂತಿದೆ. ಬಣ್ಣ ಎರಡೂ ಗೋಡೆಗೆ ಹರಡಿ ಮೂಲೆಯೇ ಕರಗಿದಂತೆ ಕಾಣುತ್ತದೆ. ‘ಬೆಳಕಿನ ಜೋಡಣೆ’ ಅಂದರೆ ಹೇಗೆ? ‘ಇನ್‌ಸ್ಟಲೇಶನ್’ಗೆ ಹೇಳುವ ‘ಪ್ರತಿಷ್ಠಾಪನೆ’ ಬೇಡ, ದೇವರನ್ನು ಕೂರಿಸಿದ ಹಾಗಾಗುತ್ತದೆ.

ಇನ್ನೊಂದು ಪದ. ಈ ಕೃತಿ ಕೊಂಡವರಿಗೆ ರೇಖಾಚಿತ್ರವಿರುವ, ಫ್ಲೇವಿನ್ ಸಹಿಯ ಒಂದು ಕಾಗದ ಸಿಗುತ್ತಿತ್ತು. ಟ್ಯೂಬ್ ಸುಟ್ಟರೆ ಬದಲಾಯಿಸಬಹುದು. ಕಾಗದ ಕಳೆದರೆ ಕೃತಿ ಮಾರುವುದೇ ಕಷ್ಟ. ‘ಪ್ರಮಾಣಪತ್ರ’ ಅಂದರೆ ಜಾತಿ, ಆದಾಯದ ಕಾಗದ ನೆನಪಾಗುತ್ತದೆ. ಜಮೀನಿಗೆ ಇರುವ ಹಾಗೆ ‘ಹಕ್ಕುಪತ್ರ’ ಅನ್ನಬಹುದೇ? ಹಕ್ಕುಪತ್ರ ಸರ್ಕಾರ ಕೊಡುವುದಕ್ಕೇ ಮೀಸಲು ಅನ್ನಿಸಿದರೆ ದಯವಿಟ್ಟು ತಿಳಿಸಿ.