‘ಅಪ್ರಾಯೋಗಿಕ’ವೋ ‘ಪ್ರಯೋಗೇತರ’ವೋ?

ಮಾನ್ಯರೇ,

ಮನೋವಿಜ್ಞಾನದ ಸಂಶೋಧನಾ ವಿನ್ಯಾಸಗಳನ್ನು ಕನ್ನಡದಲ್ಲಿ ವಿವರಿಸುವಾಗ ‘ಪ್ರಾಯೋಗಿಕ’ (experimental), ‘ಅಪ್ರಾಯೋಗಿಕ’ (non-experimental) ಎಂದು ವಿಂಗಡಿಸುವುದರ ಬಗ್ಗೆ ನನಗೊಂದು ತಕರಾರಿದೆ. ಬಳಕೆಯ ಕನ್ನಡದಲ್ಲಿ ಅಪ್ರಾಯೋಗಿಕ ಎಂದರೆ ಕಾರ್ಯಸಾಧ್ಯವಲ್ಲದ್ದು. ಸಮೀಕ್ಷೆ, ವೀಕ್ಷಣೆ, ಸಹಸಂಬಂಧ ಅಧ್ಯಯನಗಳಿಗೆ (ಎರಡು ಅಂಶಗಳು ಒಟ್ಟಿಗೆ ಹೇಗೆ ಏರಿಳಿಯುತ್ತವೆಂದು ನೋಡುವಂಥವು) ಆ ಕಳಂಕ ಸಲ್ಲದು. ‘ಪ್ರಾಯೋಗಿಕ’ವೂ ನಿರ್ದುಷ್ಟವಲ್ಲ: ಪ್ರಾಯೋಗಿಕ ಪರೀಕ್ಷೆಯಲ್ಲಿ ಅದಕ್ಕೆ ಮಾಡಿ ತೋರಿಸುವುದೆಂಬ ಅರ್ಥ, ಸರ್ಕಾರ ಪ್ರಾಯೋಗಿಕವಾಗಿ ಜಾರಿಗೆ ತಂದ ಯೋಜನೆಯಲ್ಲಿ ಮೊದಲು ಒಂದೆಡೆ ನಡೆಸಿ ನೋಡುವುದೆಂಬ ಅರ್ಥ.

ಶಾಸ್ತ್ರದಲ್ಲಿ ಈ ವಿಂಗಡಣೆ ನಿಂತಿರುವುದು ಎರಡು ಪ್ರಶ್ನೆಗಳ ಮೇಲೆ. ಸಂಶೋಧಕರು ಸ್ವತಂತ್ರ ಚರವನ್ನು, ಅಂದರೆ ಯಾವುದರ ಪರಿಣಾಮವನ್ನು ತಿಳಿಯಬೇಕೋ ಆ ಅಂಶವನ್ನು, ತಾವೇ ಬದಲಿಸಿದರೇ? ಅಧ್ಯಯನದಲ್ಲಿ ಪಾಲ್ಗೊಂಡ ಭಾಗಿಗಳನ್ನು ಗುಂಪುಗಳಿಗೆ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಹಂಚಿದರೇ? ಎರಡಕ್ಕೂ ಹೌದೆಂದರೆ ಅದು ಪ್ರಯೋಗ, ಶಾಲೆಯ ಅಂಗಳದಲ್ಲಿ ನಡೆದಿದ್ದರೂ ಸರಿಯೇ. ಚರವನ್ನು ಬದಲಿಸಿಯೂ ಮೊದಲೇ ಇದ್ದ ತರಗತಿಗಳನ್ನೇ ಗುಂಪುಗಳಾಗಿ ಬಳಸಿದರೆ ಅದು ‘ಅರೆಪ್ರಾಯೋಗಿಕ’ವಾಗುತ್ತದೆ, ಈ ಬಗೆಯ ವಿನ್ಯಾಸಗಳನ್ನು ಅಮೆರಿಕದ ಸಂಶೋಧಕರಾದ ಕ್ಯಾಂಪ್‌ಬೆಲ್ ಮತ್ತು ಸ್ಟ್ಯಾನ್ಲಿ 1963ರಲ್ಲಿ ವಿಸ್ತಾರವಾಗಿ ಚರ್ಚಿಸಿದ್ದರು. (ಯಾದೃಚ್ಛಿಕ ಹಂಚಿಕೆಯನ್ನು ಯಾದೃಚ್ಛಿಕ ಆಯ್ಕೆಯೆಂದು ಬರೆಯುವುದು ಬೇರೆಯೇ ತಪ್ಪು, ಆಯ್ಕೆ ಯಾರು ಅಧ್ಯಯನಕ್ಕೆ ಬರುತ್ತಾರೆಂಬುದಕ್ಕೆ, ಹಂಚಿಕೆ ಬಂದವರು ಯಾವ ಗುಂಪಿಗೆ ಹೋಗುತ್ತಾರೆಂಬುದಕ್ಕೆ ಸಂಬಂಧಿಸಿದ್ದು.)

ನಿಜವಾದ ತೊಡಕು ಇದರ ಮುಂದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ಮತ್ತು ಸಹೋದ್ಯೋಗಿಗಳು ನಡೆಸಿ 1961ರಲ್ಲಿ ಪ್ರಕಟಿಸಿದ ಬೋಬೋ ಎಂಬ ಗಾಳಿ ತುಂಬಿದ ಬೊಂಬೆಯ ಅಧ್ಯಯನದಲ್ಲಿ 72 ಮಕ್ಕಳಿದ್ದರು. ಅವರಲ್ಲಿ 24 ಮಂದಿ ಬೊಂಬೆಯನ್ನು ಹೊಡೆಯುವ ವಯಸ್ಕರನ್ನು ಕಂಡರು, 24 ಮಂದಿ ಬೊಂಬೆಯ ಗೊಡವೆಗೆ ಹೋಗದೆ ಶಾಂತವಾಗಿದ್ದ ವಯಸ್ಕರನ್ನು ಕಂಡರು, ಉಳಿದ 24 ಮಂದಿಗೆ ಯಾರನ್ನೂ ತೋರಿಸಲಿಲ್ಲ. ಯಾವ ಮಗು ಏನನ್ನು ನೋಡಬೇಕೆಂಬುದನ್ನು ಸಂಶೋಧಕರೇ ಯಾದೃಚ್ಛಿಕವಾಗಿ ನಿರ್ಧರಿಸಿದ್ದರಿಂದ, ಹೊಡೆತವನ್ನು ಕಂಡದ್ದೇ ಅನುಕರಣೆಗೆ ಕಾರಣವೆಂದು ಹೇಳಲು ಅವರಿಗೆ ಆಧಾರವಿತ್ತು. ಅದೇ ಅಧ್ಯಯನದಲ್ಲಿ ಗಂಡುಮಕ್ಕಳು ಹೆಣ್ಣುಮಕ್ಕಳಿಗಿಂತ ಹೆಚ್ಚಾಗಿ ದೈಹಿಕ ಆಕ್ರಮಣವನ್ನು ಅನುಕರಿಸಿದರೆಂಬ ಫಲಿತಾಂಶವೂ ಇದೆ. ಆದರೆ ಲಿಂಗವನ್ನು ಯಾರೂ ಹಂಚಿಕೊಡಲಿಲ್ಲ, ಮಕ್ಕಳು ಅದರೊಡನೆಯೇ ಬಂದಿದ್ದರು; ಈ ಹೋಲಿಕೆಯಿಂದ ಕಾರಣವನ್ನು ಅಷ್ಟೇ ಧೈರ್ಯದಿಂದ ಹೇಳಲಾಗದು. ಹೀಗೆ ಒಂದೇ ಅಧ್ಯಯನದೊಳಗೆ ಒಂದು ಚರ ಪ್ರಯೋಗಕ್ಕೆ ಒಳಪಟ್ಟಿದೆ, ಇನ್ನೊಂದು ಒಳಪಟ್ಟಿಲ್ಲ. ಇಡೀ ಅಧ್ಯಯನಕ್ಕೆ ಒಂದೇ ವಿಶೇಷಣ ಅಂಟಿಸಿದರೆ ಈ ಭೇದ ಕಣ್ಮರೆಯಾಗುತ್ತದೆ.

ಪಠ್ಯೇತರ, ಬೋಧಕೇತರ ಎಂಬಂತೆ ‘ಪ್ರಯೋಗೇತರ’ ಎಂದು ಬರೆಯುವುದು ಉಚಿತವೆಂದು ನನಗನ್ನಿಸುತ್ತದೆ; ಅದು ಅಧ್ಯಯನವನ್ನು ಹಳಿಯದೆ ಬೇರೆಯಾಗಿಸುತ್ತದೆ. ಆದರೆ ವ್ಯಾಕರಣ ಬಲ್ಲವರಿಗೆ ‘ಪ್ರಯೋಗ’ ಎಂದೊಡನೆ ಕರ್ತರಿ, ಕರ್ಮಣಿಗಳು ನೆನಪಾದರೆ ಇದು ನಿಲ್ಲುವುದೇ? ಲಿಂಗ, ವಯಸ್ಸು, ಹಿಂದಿನ ಅನುಭವಗಳಂತೆ ಭಾಗಿಗಳು ತಮ್ಮೊಡನೆ ತರುವ ಚರಗಳಿಗೆ ‘ವ್ಯಕ್ತಿಗತ ಚರ’ ಎಂದರೆ ಸಾಕೇ, ಅಥವಾ ಸಂಶೋಧಕರು ಅದನ್ನು ಬದಲಿಸಲಿಲ್ಲವೆಂಬುದನ್ನೂ ಸೂಚಿಸುವ ಪದವೊಂದು ಬಳಕೆಯಲ್ಲಿದೆಯೇ? ಈ ವಿಷಯವನ್ನು ಕನ್ನಡದಲ್ಲಿ ಪಾಠ ಮಾಡಿದವರು ತಿಳಿಸಬೇಕೆಂದು ಕೋರುತ್ತೇನೆ.