ಯಾಶ್ಚಿಲಾನ್ ಲಿಂಟಲ್ 24: ರಾಣಿಯ ಬಾಯಿ ಸುತ್ತ ಇರುವ ಚುಕ್ಕೆಗಳು ಏನು?

ಪೆನ್ಸಿಲ್‌ಪುಟ:
ಯಾಶ್ಚಿಲಾನ್ ಅಂದರೆ ಮೆಕ್ಸಿಕೋದಲ್ಲಿರುವ, ಮಾಯಾ ಜನರ ಹಳೆಯ ನಗರ; ಲಿಂಟಲ್ ಅಂದರೆ ಬಾಗಿಲ ಮೇಲಿನ ಅಡ್ಡಗಲ್ಲು. ಮೂರು ದಿನದಿಂದ ಅಲ್ಲಿನ ಈ ಕೆತ್ತನೆಯನ್ನು ಪೆನ್ಸಿಲ್‌ನಲ್ಲಿ ಬಿಡಿಸುತ್ತಿದ್ದೇನೆ. ಕಲ್ಲು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ನನ್ನ ಬಳಿ ಇರುವುದು ಫೋಟೊ ಮಾತ್ರ. ಒಬ್ಬ ಹೆಂಗಸು ಮಂಡಿಯೂರಿದ್ದಾಳೆ. ಎದುರಿಗೆ ಒಬ್ಬ ಗಂಡಸು ಉದ್ದ ಕೋಲು ಹಿಡಿದು ನಿಂತಿದ್ದಾನೆ. ಅವಳ ಬಾಯಿಂದ ಹಗ್ಗ ಇಳಿದಿದೆ. ತುಟಿಯ ಹತ್ತಿರ ಸುರುಳಿಯಾಗಿ ಚುಕ್ಕೆಗಳಿವೆ. ಕಲ್ಲು ಸವೆದ ಗುರುತು ಅಂತ ಮೊದಲು ಬಿಟ್ಟುಬಿಟ್ಟೆ. ಆಮೇಲೆ ನೋಡಿದರೆ ಸಾಲಾಗಿವೆ! ಆಭರಣವೇ? (ಅವಳ ಬಟ್ಟೆಯ ನೇಯ್ಗೆ ಬಿಡಿಸಿ ಕೈ ಬಿದ್ದುಹೋಗಿದೆ, ಅದು ಬೇರೆ ಮಾತು.)

ಹಾದಿಹೋಕ:
ಮಾಯಾ ಕಲೆಯಲ್ಲಿ ಬಾಯಿಂದ ಸುರುಳಿ ಬಂದರೆ ಮಾತಾಡುತ್ತಿದ್ದಾರೆ ಅಂತ ಅಲ್ವಾ?

ಕಲ್ಲುಕಣ್ಣು:
ಬೇರೆ ಕಡೆ ಹೌದು. ಇಲ್ಲಿ ಅದು ರಕ್ತ. ಹಗ್ಗ ಸುಮ್ನೆ ಇಳಿದಿಲ್ಲ, ನಾಲಿಗೆಗೆ ತೂತು ಮಾಡಿ ಅದರಲ್ಲಿ ಎಳೆಯುತ್ತಿದ್ದಾಳೆ. ದೊಡ್ಡದು ಮಾಡಿ ನೋಡಿ, ಹಗ್ಗದಲ್ಲಿ ಮುಳ್ಳುಗಳಿವೆ. ಕೆಳಗಿನ ಬುಟ್ಟಿಯಲ್ಲಿ ತೊಗಟೆಯ ಕಾಗದ, ಅದರ ಮೇಲೂ ಅದೇ ಚುಕ್ಕೆ. ಅವಳು ರಾಣಿ ಕಬಾಲ್ ಶೋಕ್. ಅವನು ಗಂಡ, ರಾಜ ಮೂರನೇ ಇತ್ಸಮ್ನಾಹ್ ಬಹ್ಲಮ್. ಕೈಯಲ್ಲಿರುವುದು ಕೋಲಲ್ಲ, ಉರಿಯುವ ಪಂಜು. ಅಂದರೆ ಇದು ನಡೆದದ್ದು ಕತ್ತಲಲ್ಲಿ. ಕಲ್ಲಿನ ಮೇಲೆ ಬರೆದಿರುವ ದಿನಾಂಕ ಕ್ರಿ.ಶ. 709ರದು.

ಈ ಒಂದೇ ಕಲ್ಲು ನೋಡಿದರೆ ಅರ್ಧ ಕಥೆ. ಪಕ್ಕದ ಬಾಗಿಲಿನ ಲಿಂಟಲ್ 25 ನೋಡಿ. ಅಲ್ಲಿ ದೊಡ್ಡ ಹಾವೊಂದು ಎದ್ದಿದೆ, ಅದರ ಬಾಯಿಂದ ಈಟಿ ಹಿಡಿದ ಯೋಧ ಹೊರಬರುತ್ತಿದ್ದಾನೆ. ರಕ್ತ ಬಿದ್ದ ಕಾಗದ ಸುಡುವುದು, ಹೊಗೆಯಲ್ಲಿ ಹಿರೀಕರನ್ನೋ ದೇವರನ್ನೋ ಕಾಣುವುದು, ಇದೇ ಲೆಕ್ಕ. ಆ ಯೋಧ ಯಾರು ಅನ್ನುವ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ಹಾದಿಹೋಕ:
ಓ, ಹಾಗಾದರೆ 24 ಆದಮೇಲೆ 25, ಚಿತ್ರಕಥೆ ಥರ!

ಕಲ್ಲುಕಣ್ಣು:
ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ 25ರ ದಿನಾಂಕ 681, ಅಂದರೆ 28 ವರ್ಷ ಹಿಂದೆ, ರಾಜ ಪಟ್ಟಕ್ಕೆ ಬಂದಾಗಿನದು. ಅದರ ಬರಹದ ಬಹುಪಾಲು ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿದೆ. ಆಚೆ ಲೋಕದ ಕಡೆಯಿಂದ ಓದುವ ಹಾಗೆ ಅನ್ನುತ್ತಾರೆ, ನನಗೆ ಆ ವಿವರಣೆ ಇಷ್ಟ.

ಇನ್ನೊಂದು ಮಾತು. ಈ ಚಿತ್ರ ಇದ್ದದ್ದು ಬಾಗಿಲ ಅಡ್ಡಗಲ್ಲಿನ ಅಡಿಭಾಗದಲ್ಲಿ. ಒಳಗೆ ಹೋಗುವವರು ತಲೆ ಎತ್ತಿ ನೋಡಬೇಕಿತ್ತು. ಕೆಂಪು, ನೀಲಿ ಬಣ್ಣವೂ ಇತ್ತು.

ಪೆನ್ಸಿಲ್‌ಪುಟ:
ಅಯ್ಯೋ, ಚುಕ್ಕೆ ಎಲ್ಲಾ ಅಳಿಸಿದ್ದೆ, ಮತ್ತೆ ಹಾಕಬೇಕು. ರಾಜನ ತಲೆ ಮೇಲೆ ಪಟ್ಟಿಯಿಂದ ಕಟ್ಟಿರುವುದು ತುರುಬು ತಾನೇ?

ಕಲ್ಲುಕಣ್ಣು:
ತುರುಬಲ್ಲ. ಹಿಂದೆ ಬಲಿಯಾದವನ ತಲೆ. ಒಣಗಿಸಿ ಕುಗ್ಗಿಸಿದ್ದು.